ಗೋಡೆಗೆ ಮುಖ ಮಾಡಿದ ದೇವರುಗಳು

ಈಚೆಗೆ ದಟ್ಟಗಳ್ಳಿಯಲ್ಲಿ ನೆಂಟರೊಬ್ಬರ ಗೃಹಪ್ರವೇಶಕ್ಕೆ ಹೋಗಿದ್ದೆ. ಊಟ ಮುಗಿಸಿ ಎಲೆಅಡಿಕೆ ಹಾಕಿಕೊಂಡು ಹಾಲಿನಲ್ಲಿ ಕೂತರೆ ಎದುರಿನ ಗೋಡೆಯ ಮೇಲೆ, ಸರಿಯಾಗಿ ಸೋಫಾದ ನೆತ್ತಿಗೆ, ಒಂದು ಹಳೆಯ ಸರಸ್ವತಿಯ ಪಟ. ತೇಗದ ಚೌಕಟ್ಟು, ಅಲ್ಲಲ್ಲಿ ಮಾಸಿದ ಚಿನ್ನದ ರೇಕು. ಮುಂದೆ ಒಂದು ದೀಪವಿಲ್ಲ, ಒಂದೆಳೆ ಹೂವಿಲ್ಲ, ಮೇಲಿಂದ ಒಂದು ಪುಟ್ಟ ಬಲ್ಬು ಮಾತ್ರ ಬಿಟ್ಟಿದ್ದರು. ಮನೆಯ ಹುಡುಗಿ, "ಆಂಟಿಕ್ ಪೀಸ್ ಆಂಟಿ, ಗೋಕುಲಂನಲ್ಲಿ ಒಬ್ಬರ ಹತ್ತಿರ ಸಿಕ್ತು. ಯಾರು ಬರೆದಿದ್ದೋ ಗೊತ್ತಿಲ್ವಂತೆ" ಎಂದಳು. ನಾನು ಎದ್ದು ಹತ್ತಿರ ಹೋಗಿ ಪಟದ ಕಣ್ಣು ನೋಡಿದೆ. ಬಾಯಲ್ಲಿದ್ದ ಎಲೆಅಡಿಕೆ ಜಗಿಯುವುದು ಮರೆತುಹೋಯಿತು. ಸಾಮಾನ್ಯವಾಗಿ ದೇವರ ಪಟದ ಕಣ್ಣು ನೆಟ್ಟಗೆ ನಮ್ಮನ್ನೇ ನೋಡುತ್ತದೆ. ಈ ಸರಸ್ವತಿ ಒಂದು ಕೂದಲೆಳೆಯಷ್ಟು ಕೆಳಗೆ ನೋಡುತ್ತಿದ್ದಳು, ಎದುರಿಗೆ ಯಾವುದೋ ಸಣ್ಣ ಮಗು ನಿಂತಿದೆ ಅನ್ನುವ ಹಾಗೆ. ಹಾಗೆ ಕಣ್ಣು ಬರೆಯುತ್ತಿದ್ದವಳು ಈ ಮೈಸೂರಿನಲ್ಲಿ ಒಬ್ಬಳೇ, ನಮ್ಮ ರತ್ನತ್ತೆ. ಆ ಹುಡುಗಿಗೆ ಹೇಳಬೇಕು ಅನ್ನಿಸಿತು. ಎಲ್ಲಿಂದ ಶುರು ಮಾಡಲಿ? ನೀರು ಕೇಳಿ ಕುಡಿದು ಸುಮ್ಮನೆ ಕೂತುಬಿಟ್ಟೆ.

ಮಂಡಿ ಮೊಹಲ್ಲಾದ ಒಂದು ಸಂದಿಯಲ್ಲಿ ನಮ್ಮ ಮನೆ. ಆಚೀಚೆ ಎರಡೂ ಕಡೆ ದಿನಸಿ ಮಂಡಿಗಳು. ಬೆಳಗಾದರೆ ಮೂಟೆ ಇಳಿಸುವವರ ಕೂಗು, ಒಣಮೆಣಸಿನಕಾಯಿಯ ಘಾಟು. ಹೊಸ್ತಿಲು ದಾಟಿದರೆ ವಾಸನೆಯೇ ಬೇರೆ, ಅಂಟಿನದು, ಇದ್ದಿಲಿನದು, ಸಂಜೆಯಾದರೆ ಅದರ ಮೇಲೆ ಊದುಬತ್ತಿಯದು. ಅಪ್ಪ ದೇವರ ಪಟ ಬರೆಯುತ್ತಿದ್ದರು. ತಾತ ಅರಮನೆಗೆ ಬರೆದವರು ಎಂಬ ಮಾತು ಮನೆಯಲ್ಲಿ ಉಪ್ಪಿನಕಾಯಿಯ ಹಾಗೆ ದಿನಾ ಊಟಕ್ಕಿರುತ್ತಿತ್ತು. ಅಪ್ಪನ ಕಾಲಕ್ಕೆ ಅರಮನೆ ಕೆಲಸ ಇರಲಿಲ್ಲ. ಮದುವೆಗೆ ಗಜಲಕ್ಷ್ಮಿ, ಮಗು ಹುಟ್ಟಿದರೆ ಬಾಲಕೃಷ್ಣ, ಹೀಗೆ ಮನೆಮನೆಯವರು ಹೇಳಿ ಬರೆಸಿಕೊಳ್ಳುತ್ತಿದ್ದರು. ನಮ್ಮ ಮನೆಯಲ್ಲಿ ದೇವರಮನೆ ಅಂತ ಬೇರೆ ಇರಲಿಲ್ಲ. ಮುಂದಿನ ಕೋಣೆಯ ಒಂದು ಗೋಡೆ ತುಂಬ ಪಟಗಳಿದ್ದವು, ಆ ಗೋಡೆಯೇ ದೇವರಮನೆ. ನಟ್ಟನಡುವೆ ದೊಡ್ಡ ರಾಮಪಟ್ಟಾಭಿಷೇಕ, ಮೂಲೆಯಲ್ಲಿ ತಾತನ ಕೈಯ ಪುಟ್ಟ ಗಣಪತಿ. ಬಂದವರೆಲ್ಲ ಆ ಪಟ್ಟಾಭಿಷೇಕದ ಮುಂದೆ ನಿಂತು, ಏನು ಕೈ ನಿಮ್ಮದು, ರಾಮ ಮಾತಾಡಿಬಿಡ್ತಾನೆ ಎನ್ನುತ್ತಿದ್ದರು. ಅಪ್ಪ ಮೀಸೆಯಲ್ಲೇ ನಗುತ್ತಿದ್ದರು.

ಕೆಲಸ ನಡೆಯುತ್ತಿದ್ದುದು ಒಳಕೋಣೆಯಲ್ಲಿ, ಗಾಜಿನ ಹೆಂಚಿನ ಕೆಳಗೆ. ಹಲಗೆಗೆ ಬಟ್ಟೆ, ಬಟ್ಟೆಯ ಮೇಲೆ ಕಾಗದ ಅಂಟಿಸಿ, ಹುಣಸೆಕಡ್ಡಿ ಸುಟ್ಟ ಇದ್ದಿಲಿನಲ್ಲಿ ಮೊದಲು ಗೆರೆ ಎಳೆಯಬೇಕು. ಒಡವೆ, ಕಿರೀಟ, ಸೀರೆಯಂಚು ಉಬ್ಬಿ ಕಾಣಬೇಕಾದ ಕಡೆಯೆಲ್ಲ ಮಕ್ಕು ಎಂಬ ಬಿಳೀ ಸರಿಯನ್ನು ಕುಂಚದ ತುದಿಯಿಂದ ಎಳೆಎಳೆಯಾಗಿ ಏರಿಸಿ, ಅದರ ಮೇಲೆ ಚಿನ್ನದ ರೇಕು ಕೂರಿಸುತ್ತಿದ್ದರು. ಈ ಮಕ್ಕು ಅರೆಯುವ ಕಲ್ಲಿನ ದೆಸೆಯಿಂದ ವಾರಕ್ಕೊಂದು ಜಗಳ ಗ್ಯಾರಂಟಿ. ಅಪ್ಪ ಅರೆದು ಅರೆದು ಸಾಕಾಗಿ, ಕಲ್ಲು ತೊಳೆಯಲು ಬಾವಿಕಟ್ಟೆಗೆ ತಂದು ಅಮ್ಮನ ಚಟ್ನಿ ಒರಳಿನ ಪಕ್ಕ ಇಡುತ್ತಿದ್ದರು.

"ಅದರಲ್ಲಿ ಸೀಸದ ಸಫೇದ ಪುಡಿ ಇರತ್ತೆ, ಅದು ವಿಷ. ಮಕ್ಕಳುಮರಿ ಇರೋ ಮನೆ. ನಿಮಗೆ ಎಷ್ಟು ಸಲ ಹೇಳ್ಲಿ?"

"ಆ ವಿಷದಿಂದಲೇ ಕಣೇ ಈ ಮನೇಲಿ ಅನ್ನ ಬೇಯ್ತಿರೋದು."

ಹೀಗೆ ಇಬ್ಬರೂ ಕೂಗಾಡಿಕೊಂಡ ದಿನ ಸಾರಿಗೆ ಉಪ್ಪು ಜಾಸ್ತಿ ಬೀಳುತ್ತಿತ್ತು. ನಾವು ತುಟಿಪಿಟಕ್ಕೆನ್ನದೆ ಉಣ್ಣುತ್ತಿದ್ದೆವು.

ಎಲ್ಲ ಮುಗಿದ ಮೇಲೆ ಕೊನೆಗೆ ಬರೆಯುವುದು ಕಣ್ಣು. ನಮ್ಮ ಮನೆಯಲ್ಲಿ ಅದಕ್ಕೆ ದೃಷ್ಟಿ ಇಡುವುದು ಎನ್ನುತ್ತಿದ್ದರು. ಅಲ್ಲಿಯವರೆಗೆ ಅದು ಬಣ್ಣದ ಹಲಗೆ, ದೃಷ್ಟಿ ಇಟ್ಟಮೇಲೆ ದೇವರು. ಅದಕ್ಕೆ ಎರಡು ಕಟ್ಟಳೆ. ದೇವರ ಮೊದಲ ನೋಟ ಮನುಷ್ಯರ ಮೇಲೆ ಬೀಳಬಾರದು, ಕನ್ನಡಿಯ ಮೇಲೆ ಬೀಳಬೇಕು. ಒಮ್ಮೆ ಇಟ್ಟ ದೃಷ್ಟಿಯನ್ನು ಅಳಿಸಿ ತಿದ್ದುವ ಹಾಗಿಲ್ಲ, ಕೆಟ್ಟರೆ ಪಟವೇ ಹೊಳೆಗೆ. ಹಾಗಾಗಿ ದೃಷ್ಟಿ ಇಡುವಾಗ ಬಾಗಿಲು ಮುಚ್ಚಿರುತ್ತಿತ್ತು. ಅಪ್ಪನೇ ಒಳಗೆ ಕೂತು ಇಡುತ್ತಾರೆ ಎಂದು ಊರವರು ತಿಳಿದಿದ್ದರು. ಇಡುತ್ತಿದ್ದವಳು ಅಪ್ಪನ ತಂಗಿ ರತ್ನತ್ತೆ. ಅದು ನನಗೆ ಗೊತ್ತಾದದ್ದು ಶಾಲೆಗೆ ಸೇರಿದ ಮೇಲೆ, ಕನ್ನಡಿ ಹಿಡಿಯುವ ಕೆಲಸ ನನಗೆ ಬಂದಾಗ. ಹೊರಗೆ ಬಾಯಿ ಬಿಟ್ಟರೆ ಜೋಕೆ ಎಂದು ಅಪ್ಪ ಹೇಳಿದ್ದರು. ಬಿಡಲಿಲ್ಲ. ನಾನು ಕನ್ನಡಿ ಹಿಡಿಯಲು ಶುರುಮಾಡಿದ ಮೇಲಿನ ಪಟಗಳು ಅತ್ತೆಯವು, ಅದಕ್ಕೂ ಹಿಂದಿನವೆಲ್ಲ ಅಪ್ಪನವು ಎಂದು ನನ್ನ ಲೆಕ್ಕ.

ಅತ್ತೆ ಪಟದ ಎದುರಿಗೆ ಕೂರುತ್ತಿರಲಿಲ್ಲ, ಪಕ್ಕದಲ್ಲಿ ಕೂತು ಓರೆಯಾಗಿ ಕೈ ಚಾಚುತ್ತಿದ್ದಳು. ಅಳಿಲಿನ ಕೂದಲ ಕುಂಚ. ನಾನು ಎದುರಿಗೆ ಕನ್ನಡಿ ಎತ್ತಿ ಹಿಡಿದು, ಅದರ ಹಿಂದೆ ಮುಖ ಮರೆಮಾಡಿಕೊಂಡು ಕೂರಬೇಕು.

"ಉಸಿರು ಬಿಡಬೇಡ ಕಣೇ ಪುಟ್ಟಿ. ನೀನು ಬಿಟ್ರೆ ನನ್ನ ಕೈ ಅಲ್ಲಾಡತ್ತೆ."

ನನ್ನ ಉಸಿರಿಗೂ ಅವಳ ಕೈಗೂ ಏನು ಸಂಬಂಧವೋ, ನಾನಂತೂ ಬಿಗಿಹಿಡಿದು ಕೂರುತ್ತಿದ್ದೆ. ಯಾಕೆ ಅತ್ತೆ ದೇವರು ಕೆಳಗೆ ನೋಡ್ತಾರೆ ಎಂದು ಕೇಳಿದ್ದಕ್ಕೆ, ದೊಡ್ಡವರು ಕಣ್ಣು ಮುಚ್ಚಿಕೊಂಡು ಕೈ ಮುಗೀತಾರೆ, ಕಣ್ಣು ಬಿಟ್ಟು ನೋಡೋರು ನೀವೇ ತಾನೆ, ಅದಕ್ಕೆ ಎಂದಿದ್ದಳು.

ದೇವರಿಗೆ ದೃಷ್ಟಿ ಇಟ್ಟೂ ಇಟ್ಟೂ ಅವಳ ದೃಷ್ಟಿ ಮಂಜಾಯಿತು. ಸೂಜಿಗೆ ದಾರ ಪೋಣಿಸಲು ನನ್ನನ್ನು ಕರೆಯುತ್ತಿದ್ದಳು. ಸಂಜೆಯಾದರೆ ತಲೆಗೆ ಬಟ್ಟೆ ಬಿಗಿದು ಮಲಗುತ್ತಿದ್ದಳು. ಅಜ್ಜಿ, ಅಂದರೆ ಅಪ್ಪನ ತಾಯಿ, ಅಪ್ಪನಿಗೆ ಹೇಳದೆ ಅವಳನ್ನು ಸಯ್ಯಾಜಿರಾವ್ ರಸ್ತೆಯ ಕನ್ನಡಕದ ಅಂಗಡಿಗೆ ಕರೆದುಕೊಂಡು ಹೋದಳು. ಕನ್ನಡಕ ಬಂತು. ಅಪ್ಪ ನೋಡಿ, ಇಸಿದುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದರು.

"ಕನ್ನಡಕದ ಹುಡುಗೀನ ಯಾರು ನೋಡೋಕೆ ಬರ್ತಾರಮ್ಮ? ಮದುವೆ ಒಂದು ಆಗಿಬಿಡಲಿ, ಆಮೇಲೆ ಒಂದಲ್ಲ ಎರಡು ಹಾಕಿಕೊಳ್ಳಲಿ."

ಅದಾದ ಮೇಲೂ ಅತ್ತೆ ಒಂದೆರಡು ಪಟಕ್ಕೆ ದೃಷ್ಟಿ ಇಟ್ಟಳು, ಮೂಗು ಹಲಗೆಗೆ ತಾಕುವಷ್ಟು ಬಗ್ಗಿ.

ಯುಗಾದಿ ಕಳೆದ ಮೇಲೆ ಒಂದು ದಿನ ಮಧ್ಯಾಹ್ನ ಶಾಲೆಯಿಂದ ಬಂದೆ. ಅಮ್ಮ ಬಾಗಿಲಲ್ಲೇ ತಡೆದು, ಚೀಲ ಜಗಲಿಯ ಮೇಲೆ ಹಾಕಿಸಿ, ಪಕ್ಕದ ಓಣಿಯಿಂದ ನೆಟ್ಟಗೆ ಬಾವಿಕಟ್ಟೆಗೆ ನಡೆಸಿಕೊಂಡು ಹೋದಳು. ಲಂಗ ಬಿಚ್ಚಲಿಲ್ಲ, ಜಡೆ ಬಿಚ್ಚಲಿಲ್ಲ. ಒಂದು ಬಿಂದಿಗೆ ತಣ್ಣೀರು ಸೇದಿ ತಲೆಯ ಮೇಲೆ ಸುರಿದುಬಿಟ್ಟಳು. ನಾನು ಬೆಚ್ಚಿಬಿದ್ದೆ. ಉಟ್ಟಬಟ್ಟೆಯಲ್ಲೇ ತಲೆಗೆ ನೀರು ಹಾಕುವುದು ಮನೆಯಲ್ಲಿ ಸಾವಾದರೆ ಮಾತ್ರ. ಅಷ್ಟು ನನಗೂ ಗೊತ್ತಿತ್ತು.

"ಯಾರಮ್ಮ? ಯಾರು ಹೋದ್ರು?"

"ಸುಮ್ನೆ ತಲೆ ಬಗ್ಗಿಸು."

ನೀರಿಳಿಸಿಕೊಂಡು ಒಳಗೆ ಬಂದೆ. ಪಟಗಳೆಲ್ಲ ಗೋಡೆಗೆ ಮುಖ ಮಾಡಿ ನೇತಾಡುತ್ತಿದ್ದವು. ಬೇರೆ ಮನೆಗಳಲ್ಲಿ ಸೂತಕ ಬಂದರೆ ದೇವರಮನೆಯ ಬಾಗಿಲು ಮುಚ್ಚುತ್ತಾರೆ. ನಮಗೆ ಮುಚ್ಚಲು ಬಾಗಿಲಿರಲಿಲ್ಲವಾದ್ದರಿಂದ ದೇವರನ್ನೇ ತಿರುಗಿಸುತ್ತಿದ್ದರು. ಕೇಳಿದ್ದೆನೇ ಹೊರತು ನೋಡಿರಲಿಲ್ಲ. ರಾಮನಿಲ್ಲ, ಲಕ್ಷ್ಮಿಯಿಲ್ಲ, ಬರೀ ಹಲಗೆ, ಮೊಳೆ, ಜೇಡನ ಬಲೆ. ಎಲ್ಲರೂ ಒಟ್ಟಿಗೆ ನನಗೆ ಬೆನ್ನು ಹಾಕಿದಂತಾಗಿ ಅಳು ಬಂತು. ಯಾರು ಸತ್ತರು? ಅಜ್ಜಿ ಅಡುಗೆಮನೆಯ ಮೂಲೆಯಲ್ಲಿ ಸೆರಗು ಮುಚ್ಚಿಕೊಂಡು ಕೂತಿದ್ದಳು. ತಮ್ಮ ತೊಟ್ಟಿಲಲ್ಲಿದ್ದ. ಅಮ್ಮ ಇದ್ದಳು. ಸಂಜೆಗೆ ಅಪ್ಪ ಪಶ್ಚಿಮವಾಹಿನಿಯ ಹೊಳೆಯಿಂದ ಬಂದರು. ತಲೆ ಬೋಳು, ಮೀಸೆಯಿಲ್ಲ. ಅಪ್ಪನ ಮೇಲ್ದುಟಿ ಅಷ್ಟು ಬೆಳ್ಳಗಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ಬಂದವರೇ ಅಜ್ಜಿಗೆ ಹೇಳಿದರು:

"ಎಳ್ಳುನೀರು ಬಿಟ್ಟು ಬಂದೆ. ಇನ್ನು ಅವಳ ಹೆಸರು ಈ ಮನೇಲಿ ಬೇಡ."

ಇರಬೇಕಾದವರಲ್ಲಿ ಇಲ್ಲದವಳು ರತ್ನತ್ತೆ ಒಬ್ಬಳೇ. ಸತ್ತವರ ಹೆಸರು ಹೇಳಬಾರದೇನೋ ಎಂದುಕೊಂಡೆ. ಹೇಗೆ ಸತ್ತಳು, ಎಲ್ಲಿ ಸತ್ತಳು ಎಂದು ಕೇಳಲು ಬಾಯಿ ಬರಲಿಲ್ಲ. ಹಿಂದಿನ ರಾತ್ರಿ ನನ್ನ ಪಕ್ಕದಲ್ಲೇ ಮಲಗಿದ್ದವಳು. ಅವಳ ಚಾಪೆ ಸುರುಳಿ ಸುತ್ತಿ ಮೂಲೆಯಲ್ಲಿತ್ತು. ನಾನು ಅದರ ಹತ್ತಿರಕ್ಕೂ ಹೋಗಲಿಲ್ಲ, ಅಷ್ಟು ಹೆದರಿದ್ದೆ. ಶಾಲೆಯಲ್ಲಿ ಗೆಳತಿಯರಿಗೆ ನಮ್ಮತ್ತೆ ತೀರಿಕೊಂಡರು ಎಂದು ಹೇಳಿ ಅತ್ತುಬಿಟ್ಟೆ. ಟೀಚರು ತಲೆ ಸವರಿದರು.

ಸೂತಕ ಕಳೆದು ಪಟಗಳು ಮತ್ತೆ ಈ ಕಡೆ ತಿರುಗಿದವು. ಅಪ್ಪನಿಗೆ ಮೀಸೆಯೂ ಬಂತು. ಆದರೆ ಒಳಕೋಣೆಯಲ್ಲಿ ಒಂದು ಗಜಲಕ್ಷ್ಮಿ ಕಣ್ಣಿಲ್ಲದೆ ಹಾಗೇ ಉಳಿಯಿತು. ಅಗ್ರಹಾರದ ವಕೀಲರೊಬ್ಬರು ಮಗಳ ಮದುವೆಗೆಂದು ಹೇಳಿದ್ದ ಪಟ, ನವರಾತ್ರಿಗೆ ಅವರ ಮನೆ ಸೇರಬೇಕಿತ್ತು. ಆನೆಗಳು, ತಾವರೆ, ಉಬ್ಬಿದ ಒಡವೆಗಳು, ಎಲ್ಲ ಸಿದ್ಧ. ಮುಖದಲ್ಲಿ ಮಾತ್ರ ಹುಬ್ಬಿನ ಕೆಳಗೆ ಎರಡು ಬೋಳು ಜಾಗ. ರಾತ್ರಿ ನೀರಿಗೆಂದು ಎದ್ದರೂ ನಾನು ಆ ಬಾಗಿಲ ಕಡೆ ತಿರುಗುತ್ತಿರಲಿಲ್ಲ. ಅಪ್ಪ ಹಳೆಯ ಹಲಗೆಯ ಮೇಲೆ ಕಣ್ಣು ಬರೆದು ಬರೆದು ನೋಡುತ್ತಿದ್ದರು. ಕಿರೀಟ ಬರೆಯುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ, ಆದರೆ ಕಣ್ಣು ಕೈಗೆ ಬರುತ್ತಿರಲಿಲ್ಲ. ಒಂದು ಗುರಾಯಿಸುತ್ತಿತ್ತು, ಇನ್ನೊಂದು ಬೆದರಿದ ಹಾಗೆ ಕಾಣುತ್ತಿತ್ತು. ಹಲಗೆ ತುಂಬ ಕಣ್ಣುಗಳೇ, ಮುಖವಿಲ್ಲದವು. ವಕೀಲರ ಮನೆಯಿಂದ ಜನ ಬಂದು ಕೇಳಿದಾಗಲೆಲ್ಲ ಅಪ್ಪ ಒಳ್ಳೆಯ ಮುಹೂರ್ತ ನೋಡುತ್ತಿದ್ದೇನೆ ಎನ್ನುತ್ತಿದ್ದರು. ನಾಡಿದ್ದು ನವರಾತ್ರಿ ಅನ್ನುವಾಗ ಊಟವೇ ಬಿಟ್ಟರು.

ಮಾರನೆಯ ದಿನ ಬೆಳಿಗ್ಗೆ ಅಪ್ಪ ಪೇಟೆಗೆ ಹೋದದ್ದನ್ನು ನೋಡಿಕೊಂಡು ಅಜ್ಜಿ ಆ ಪಟವನ್ನು ಹಳೆಯ ಮಡಿಸೀರೆಯಲ್ಲಿ ಸುತ್ತಿದಳು.

"ಬಾರೇ ಪುಟ್ಟಿ, ಒಂಟಿಕೊಪ್ಪಲು ದೇವಸ್ಥಾನಕ್ಕೆ ಹೋಗಿ ಬರೋಣ. ಕನ್ನಡಿ ತಗೋ."

ದೇವಸ್ಥಾನಕ್ಕೆ ಕನ್ನಡಿ ಯಾಕೆ ಎಂದು ಕೇಳುವಷ್ಟು ಬುದ್ಧಿ ನನಗಿರಲಿಲ್ಲ. ಜಟಕಾ ಗಾಡಿಯಲ್ಲಿ ಕೂತೆವು. ದೇವಸ್ಥಾನ ಬಂತು, ಅಜ್ಜಿ ಗಾಡಿಯಿಂದಲೇ ಕೈಮುಗಿದು ಇನ್ನೂ ಮುಂದಕ್ಕೆ ಹೊಡಿಯಪ್ಪ ಎಂದಳು. ಹಿಂದಿನ ಬೀದಿಯಲ್ಲಿ ಒಂದು ಸಣ್ಣ ಹೆಂಚಿನ ಮನೆ. ಅಜ್ಜಿ ಚಿಲಕ ಬಡಿದಳು. ಬಾಗಿಲು ತೆರೆಯಿತು. ರತ್ನತ್ತೆ ನಿಂತಿದ್ದಳು.

ನಾನು ಮೊದಲು ನೋಡಿದ್ದು ಅವಳ ಪಾದ, ದೆವ್ವಕ್ಕೆ ಪಾದ ಹಿಂದುಮುಂದಾಗಿರುತ್ತದೆ ಎಂದು ಶಾಲೆಯಲ್ಲಿ ಹೇಳುತ್ತಿದ್ದರು. ಪಾದ ಸರಿಯಾಗಿಯೇ ಇತ್ತು, ಕಾಲುಂಗುರ ಇತ್ತು. ಮುಖ ನೋಡಿದೆ. ಕನ್ನಡಕ. ಅವಳು "ಪುಟ್ಟಿ" ಎಂದು ಕೈ ಚಾಚಿದಳು. ನಾನು ಅಜ್ಜಿಯ ಸೀರೆ ಹಿಡಿದು ಬಾಗಿಲಾಚೆ ಎಳೆಯತೊಡಗಿದೆ.

"ಬೇಡ ಅಜ್ಜಿ, ಅವಳು ಸತ್ತೋಗಿದಾಳೆ. ಬಾ ಅಜ್ಜಿ, ಹೋಗೋಣ."

ಅತ್ತೆಯ ಚಾಚಿದ ಕೈ ಅಲ್ಲೇ ನಿಂತಿತು. ಅಜ್ಜಿ ಹೊಸ್ತಿಲ ಮೇಲೆ ಕುಸಿದು ಕೂತಳು.

"ಅಯ್ಯೋ ಶಿವನೇ. ಈ ಮಗು ನಿಜವಾಗ್ಲೂ ಸತ್ಲು ಅಂತ ತಿಳ್ಕೊಂಡಿತ್ತಾ? ಇಷ್ಟು ದಿನ? ಯಾರೂ ಹೇಳ್ಲೇ ಇಲ್ವೇ ನಿನಗೆ?"

ಯಾರು ಹೇಳಿದ್ದರು? ಅಜ್ಜಿ ಹೇಳಿರುತ್ತಾಳೆ ಎಂದು ಅಮ್ಮ, ಅಮ್ಮ ಹೇಳಿರುತ್ತಾಳೆ ಎಂದು ಅಜ್ಜಿ ತಿಳಿದುಕೊಂಡಿದ್ದರು. ಅಪ್ಪನಂತೂ ಹೆಸರೇ ಎತ್ತುತ್ತಿರಲಿಲ್ಲ. ಅತ್ತೆ ಕನ್ನಡಕದ ಅಂಗಡಿಯ ಚಿಕ್ಕಣ್ಣ ಎಂಬುವರನ್ನು ರಿಜಿಸ್ಟ್ರಿ ಮದುವೆಯಾಗಿದ್ದಳು, ಅಷ್ಟೇ. ಅವರು ನಮ್ಮ ಜಾತಿಯಲ್ಲ, ಹಳ್ಳಿಯಿಂದ ಬಂದ ಒಕ್ಕಲುತನದವರ ಮಗ. ಅಷ್ಟಕ್ಕೆ ಬದುಕಿದ್ದವಳ ಹೆಸರಿನಲ್ಲಿ ಹೊಳೆಗೆ ಎಳ್ಳು ಬಿಟ್ಟು, ನನ್ನ ತಲೆಗೆ ನೀರು ಸುರಿದಿದ್ದರು. ಅಜ್ಜಿ ಬಿಡಿಸಿ ಹೇಳಿದಾಗ ಸಂತೋಷವಾಗಬೇಕಿತ್ತು. ಆಗಲಿಲ್ಲ. ಮೈಯೆಲ್ಲ ಉರಿಯುವಷ್ಟು ಸಿಟ್ಟು ಬಂತು. ನನ್ನ ಅಳುವೆಲ್ಲ ಸುಳ್ಳಾಯಿತಲ್ಲ ಅನ್ನಿಸಿತು. ಅರ್ಧ ಮಾತಾಡಿ ಮಿಕ್ಕದ್ದು ನೀವೇ ತಿಳಿದುಕೊಳ್ಳಿ ಅನ್ನುವವರನ್ನು ಕಂಡರೆ ನನಗೆ ಇವತ್ತಿಗೂ ಆಗುವುದಿಲ್ಲ. ಯಾರು, ಎಲ್ಲಿ, ಏನಾಯಿತು, ಪೂರ್ತಿ ಹೇಳಿ ಎಂದು ಗದರಿಸುತ್ತೇನೆ. ಮನೆಯವರು ನನ್ನನ್ನು ಪೊಲೀಸಮ್ಮ ಅನ್ನುತ್ತಾರೆ. ಅನ್ನಲಿ.

ಅತ್ತೆ ನನ್ನನ್ನು ಮುಟ್ಟಲು ಮತ್ತೆ ಬರಲಿಲ್ಲ. ಸೂಜಿಡಬ್ಬಿ ತಂದು ನನ್ನೆದುರಿಗೆ ಕೂತು, ದಾರವನ್ನು ಒಂದೇ ಸಲಕ್ಕೆ ಪೋಣಿಸಿ ತೋರಿಸಿದಳು.

"ನೋಡು, ಈಗ ನಿನ್ನ ಕರೆಯೋದೇ ಬೇಡ."

ದೆವ್ವ ಸೂಜಿ ಪೋಣಿಸುವುದಿಲ್ಲ ಎಂದು ನನಗೆ ಖಾತ್ರಿಯಾಯಿತು. ಹೋಗಿ ಅವಳ ತೊಡೆಯ ಮೇಲೆ ಬಿದ್ದು ಅತ್ತುಬಿಟ್ಟೆ. ಅಂದೇ ಅವಳು ಆ ಲಕ್ಷ್ಮಿಗೆ ದೃಷ್ಟಿ ಇಟ್ಟಳು, ಮೂಗು ತಾಕಿಸದೆ ನೆಟ್ಟಗೆ ಕೂತು. ನಾನು ಕನ್ನಡಿ ಹಿಡಿದೆ. ಉಸಿರು ಬಿಡಬೇಡ ಎಂದು ಅವಳು ಹೇಳಲಿಲ್ಲ, ನಾನಾಗಿಯೇ ಬಿಡಲಿಲ್ಲ.

ನಾವು ಬರುವಷ್ಟರಲ್ಲಿ ಅಪ್ಪ ಬಂದುಬಿಟ್ಟಿದ್ದರು. ಅಜ್ಜಿ ಏನೂ ಮುಚ್ಚಿಡಲಿಲ್ಲ. ಮುಂದಿನ ಕೋಣೆಯಲ್ಲಿ, ಆ ಗೋಡೆಯ ಬುಡದಲ್ಲೇ ಪಟ ಒರಗಿಸಿ ಸೀರೆ ಬಿಚ್ಚಿದಳು. ಅಪ್ಪ ತುಂಬ ಹೊತ್ತು ನೋಡಿದರು. ಯಾರ ಕೈ ಎಂದು ಕೇಳಲಿಲ್ಲ.

"ಸತ್ತವರ ಕೈ ಸೋಕಿದ್ದನ್ನ ಮದುವೆ ಮನೆಗೆ ಹೇಗಮ್ಮ ಕೊಡ್ಲಿ? ಇದು ದೇವರಾಗಲ್ಲ."

ಹಾಗೆಂದು ಪಟವನ್ನು ಎತ್ತಿ ಗೋಡೆಗೆ ಮುಖ ಮಾಡಿ ಇಟ್ಟರು. ಅಜ್ಜಿ ಮಣೆ ಎಳೆದುಕೊಂಡು ಅದರ ಮೇಲೆ ಹತ್ತಿ, ಎದುರಿಗಿದ್ದ ಬಾಲಕೃಷ್ಣನನ್ನು ತಿರುಗಿಸಿದಳು.

"ಇದೂ ಅವಳು ಇಟ್ಟಿದ್ದೇ."

"ಅಮ್ಮ, ಬಿಡು."

"ಬಿಡೋದೇನೋ, ನಿನ್ನ ಮಾತೇ ನಡೆಸ್ತಿದೀನಿ. ಸರಸ್ವತಿ, ಇದೂ ಅವಳದೇ. ಇದೂ. ಇದೂ."

ಅಮ್ಮ ಸೌಟು ಹಿಡಿದುಕೊಂಡೇ ಅಡುಗೆಮನೆಯಿಂದ ಬಂದು ನಿಂತಳು. ನಾನು ಕನ್ನಡಿ ಹಿಡಿದ ಪಟಗಳೆಲ್ಲ ತಿರುಗಿ ಮುಗಿದವು, ಅಜ್ಜಿ ನಿಲ್ಲಿಸಲಿಲ್ಲ. ನಾನು ಹುಟ್ಟುವ ಮೊದಲಿನವು ತಿರುಗಿದವು. ಪಟ್ಟಾಭಿಷೇಕದ ಮುಂದೆ ಬಂದು ನಿಂತಾಗ ನಾನು ಅಪ್ಪನ ಮುಖ ನೋಡಿದೆ. ಇದಂತೂ ಅಪ್ಪನದು, ಊರೆಲ್ಲ ಹೊಗಳಿದ ಕೈ. ಅಪ್ಪ ಅಲ್ಲ ಎನ್ನಲಿಲ್ಲ. ಅಜ್ಜಿ ಅಮ್ಮನನ್ನು ಕರೆದು, ಇಬ್ಬರೂ ಸೇರಿ ಆ ಭಾರದ ಪಟವನ್ನೂ ತಿರುಗಿಸಿದರು.

"ಅವಳು ಲಂಗ ಹಾಕ್ತಿದ್ದಾಗ ಇಟ್ಟಿದ್ದು ಇದು. ಮರೆತುಬಿಟ್ಯಾ?"

ಇಡೀ ಗೋಡೆಯಲ್ಲಿ ಮುಖ ಈ ಕಡೆಗಿದ್ದುದು ತಾತನ ಪುಟ್ಟ ಗಣಪತಿ ಒಂದೇ. ಇಷ್ಟು ವರ್ಷ ನಾವು ಕೈಮುಗಿದ ದೇವರೆಲ್ಲ ಅವಳ ಕಣ್ಣಿನಿಂದಲೇ ನಮ್ಮನ್ನು ನೋಡುತ್ತಿದ್ದರು. ಅಂಥವಳನ್ನು ನಾವು ಸತ್ತಳು ಅಂದಿದ್ದೆವು. ಅಜ್ಜಿ ಮಣೆಯಿಂದ ಇಳಿದು, ಸುಸ್ತಾಗಿ, ಅಡುಗೆಮನೆಗೆ ಹೋಗಿ ಮಲಗಿಬಿಟ್ಟಳು. ಅಂದು ಮಧ್ಯಾಹ್ನ ಯಾರಿಗೂ ಊಟ ಬೇಕಾಗಲಿಲ್ಲ. ಅಪ್ಪ ಆ ಹಲಗೆಗಳ ಎದುರಿಗೆ ಕೂತೇ ಇದ್ದರು. ಮಂಡಿಯವರು ಮೂಟೆ ಇಳಿಸುವ ಕೂಗು ಕೇಳುತ್ತಿತ್ತು. ತುಂಬ ಹೊತ್ತಾದ ಮೇಲೆ ನನ್ನನ್ನು ಕರೆದರು. ಹೊಡೆಯುತ್ತಾರೆ ಎಂದು ಹೆದರಿಕೊಂಡೇ ಹೋದೆ.

"ಪುಟ್ಟಿ, ಅವಳು ಕನ್ನಡಕ ಹಾಕ್ಕೊಂಡಿದ್ಲಾ?"

"ಹೂಂ ಅಪ್ಪ."

"ಚೆನ್ನಾಗಿ ಕಾಣತ್ತಂತಾ?"

"ಸೂಜೀಗೆ ಒಂದೇ ಸಲಕ್ಕೆ ದಾರ ಪೋಣಿಸಿದ್ಲು. ನನ್ನ ಕರೀಲೇ ಇಲ್ಲ."

ಅಪ್ಪ ತಲೆಯಾಡಿಸಿದರು. ಬೀಗದ ಕೈ ತೆಗೆದು ಬೀರುವಿನಿಂದ ಆ ಹಳೆಯ ಕನ್ನಡಕದ ಡಬ್ಬಿ ತಂದರು. ಅದನ್ನು ತೆರೆದರು, ಮುಚ್ಚಿದರು, ಗಣಪತಿಯ ಪಟದ ಕೆಳಗೆ ದೀಪದ ಪಕ್ಕ ಇಟ್ಟರು. ಆಮೇಲೆ ಎದ್ದು ಮೊದಲು ಲಕ್ಷ್ಮಿಯನ್ನು ಈ ಕಡೆ ತಿರುಗಿಸಿದರು. ನಂತರ ಪಟ್ಟಾಭಿಷೇಕ. ಅದನ್ನು ಒಬ್ಬರೇ ತಿರುಗಿಸುವುದು ಕಷ್ಟ, ನಾನು ಒಂದು ಮೂಲೆ ಹಿಡಿದುಕೊಂಡೆ. ಒಂದೊಂದಾಗಿ ಎಲ್ಲ ಮುಗಿದ ಮೇಲೆ, ಹಿತ್ತಲಿಗೆ ನಡೆದರು. ಬಾವಿಯ ರಾಟೆ ಕಿರ್ರೆಂದಿತು. ನಾನೂ ಅಮ್ಮನೂ ಓಡಿದೆವು. ಅಪ್ಪ ಉಟ್ಟ ಪಂಚೆಯಲ್ಲೇ ನಿಂತು, ಬಿಂದಿಗೆ ಎತ್ತಿ ತಲೆಯ ಮೇಲೆ ನೀರು ಸುರಿದುಕೊಳ್ಳುತ್ತಿದ್ದರು. ಅಮ್ಮ ಬಿಂದಿಗೆಗೆ ಕೈ ಹಾಕಿದಳು.

"ಏನೂಂದ್ರೆ, ಯಾರು ಹೋದ್ರು?"

ಅಪ್ಪ ಮುಖದ ಮೇಲಿನ ನೀರು ಒರೆಸಿಕೊಳ್ಳಲಿಲ್ಲ.

"ಯಾರೂ ಹೋಗಿಲ್ಲ ಕಣೇ" ಎಂದರು. "ಅವತ್ತೂ ಯಾರೂ ಹೋಗಿರಲಿಲ್ಲ."